ಬಾಗಿಲಿಲ್ಲದ ಕೋಣೆ

ಮರುದಿನ ಅಕ್ಕ ಮೂರು ತಿಂಗಳ ತರಬೇತಿಗೆ ಹೊರಡಬೇಕಿತ್ತು. ಈ ಸಲ ತಪ್ಪಿದರೆ ತರಬೇತಿ ಕೊಡುವ ಪ್ರಯೋಗಾಲಯದವರು ಮತ್ತೆ ಕರೆಯುವಂತಿರಲಿಲ್ಲ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ಹೊಣೆ ಇನ್ನು ತಮ್ಮನದು. ಸಂಜೆ ಮಾತ್ರೆಗಳ ಡಬ್ಬಿ ಹಿಡಿದು ಅವನ ಕೋಣೆಗೆ ಹೋದವಳು ಕಂಪ್ಯೂಟರ್ ಪರದೆ ನೋಡಿ ಅಲ್ಲೇ ನಿಂತಳು.

ಅವರದೇ ಮನೆ. ಸಂಸಾರ ನಡೆಸುವ ಆಟವೊಂದರಲ್ಲಿ ತಮ್ಮ ಅದನ್ನು ಕಟ್ಟಿ ನಿಲ್ಲಿಸಿದ್ದ. ಅಡುಗೆಮನೆಯ ಬಿರುಕುಬಿಟ್ಟ ಕಿಟಕಿಯನ್ನೂ ಬಿಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಬೂದು ಸ್ವೆಟರಿನ ಪುಟ್ಟ ಅಪ್ಪ, ನೊಣ ಮುತ್ತಿದ ತಟ್ಟೆಗಳ ನಡುವೆ ನಿಂತು, ಮೇಲೆ ನೋಡಿ ಕೈ ಬೀಸುತ್ತಿದ್ದರು. ಆ ಕೋಣೆಗೆ ಬಾಗಿಲೇ ಇರಲಿಲ್ಲ.

“ಬಾಗಿಲೆಲ್ಲೋ?”

“ತೆಗೆದೆ. ಹಸಿವಿಂದ ಸತ್ರೆ ದೆವ್ವ ಆಗ್ತಾರೆ ಅಕ್ಕಾ, ಮಜಾ ಇರುತ್ತೆ. ಎಲ್ರೂ ಮಾಡ್ತಾರೆ. ನನ್ನ ಫ್ರೆಂಡು ಇದ್ರಲ್ಲೇ ಅವನ ಮ್ಯಾನೇಜರನ್ನ ಈಜುಕೊಳಕ್ಕೆ ಇಳಿಸಿ, ಮುಳುಗ್ಲಿ ಅಂತ ಏಣಿ ಕಿತ್ತಾಕಿದ.”

“ಥೂ! ಹೊಟ್ಟೆಗೆ ಅನ್ನ ತಿಂತೀಯೋ, ಮತ್ತೇನಾದ್ರೂ ತಿಂತೀಯೋ?”

“ಬೊಂಬೆ ಕಣೇ ಅದು! ನೀನು ಲ್ಯಾಬಲ್ಲಿ ನಿಜವಾದ ಇಲಿಗಳನ್ನೇ ಉಪವಾಸ ಕೆಡವ್ತೀಯ, ನಂಗೆ ಬುದ್ಧಿ ಹೇಳೋಕೆ ಬಂದ್ಲು.”

“ಅದಕ್ಕೊಂದು ಕಾರಣ ಇರುತ್ತೆ. ಆಕಡೆ ಸರ್ಕೋ.”

ಮೌಸ್ ಕಿತ್ತುಕೊಂಡಳು. ಬಾಗಿಲೊಂದನ್ನು ಇಟ್ಟು ಎದ್ದುಬಿಡುವುದು ಅವಳ ಉದ್ದೇಶ. ಆದರೆ ಪರದೆಯ ಮೂಲೆಯಲ್ಲಿ ಹಸಿವಿನ ಪಟ್ಟಿ ಕೆಂಪಾಗಿ ಕುಗ್ಗುತ್ತಿತ್ತು. ಕುಗ್ಗುವ ವೇಗ ಒಂದೇ ಸಮನಾಗಿರುತ್ತದೋ, ಕೊನೆಕೊನೆಗೆ ಹೆಚ್ಚುತ್ತದೋ? ಒಂದಿಷ್ಟು ನೋಡೋಣವೆನಿಸಿ ಕಾಲ ಓಡಿಸುವ ಗುಂಡಿ ಒತ್ತಿದಳು. ಪುಟ್ಟ ಅಪ್ಪ ಗೋಡೆಯಿಂದ ಗೋಡೆಗೆ ಓಡಿದರು, ಬಿದ್ದರು, ಎದ್ದರು. ಅವಳು ಮುಂದಕ್ಕೆ ಬಾಗಿ ವೇಗವನ್ನು ಇನ್ನಷ್ಟು ಏರಿಸಿದಳು.

“ನೋಡಿದ್ಯಾ, ನಿನ್ನ ಕೈಯೂ ಸುಮ್ನಿರಲಿಲ್ಲ!” ತಮ್ಮ ಕಿಸಕ್ಕನೆ ನಕ್ಕ.

ಪಕ್ಕದ ಕೋಣೆಯ ದನಿ ಆಗಷ್ಟೇ ಅವಳ ಕಿವಿಗೆ ಬಿತ್ತು. ಕೂಗಿ ಕೂಗಿ ಒಣಗಿದ ತೊದಲು ದನಿ.

ಓಡಿದಳು. ಅಪ್ಪನ ಹಾಸಿಗೆ ಒದ್ದೆಯಾಗಿತ್ತು. “ಕರೆದೆ ಕಣಮ್ಮ… ತಡ್ಕೊಳ್ಳೋಕೆ ಆಗ್ಲಿಲ್ಲ,” ಎಂದು ಅವರು ಮುಖ ತಿರುಗಿಸಿದರು, ತಪ್ಪು ತಮ್ಮದೇ ಎಂಬಂತೆ.

ಅವಳು ಬಟ್ಟೆ ಬದಲಿಸತೊಡಗಿದಳು. ವಾಸನೆ ಅವಳನ್ನು ಬಾಧಿಸಲಿಲ್ಲ, ಇಲಿಗಳ ಪಂಜರ ತೊಳೆದು ಪಳಗಿದ ಮೂಗು ಅದು. ಆದರೆ ಮೌಸಿನ ಮೇಲಿದ್ದ ತಮ್ಮನ ಬೆವರು ಅವಳ ಅಂಗೈಗೂ ಜಿಗುಟಾಗಿ ಅಂಟಿತ್ತು. ಆ ಕೈಯಿಂದಲೇ ಅಪ್ಪನ ಬೆನ್ನು ಎತ್ತಿ ಹಿಡಿದಿದ್ದಳು.

ತಮ್ಮ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ. “ನಾಳೆಯಿಂದ ಹೀಗಾಗಲ್ಲ. ನೀನು ಹೋಗಕ್ಕಾ, ನಾನು ನೋಡ್ಕೋತೀನಿ.”

“ನಾನು ಹೋಗ್ತಿಲ್ಲ.”

“ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನೊಬ್ಬನ ಮೇಲೆ ಇಲ್ದೇ ಇದ್ದಿದ್ರೆ ಯಾರನ್ನಾದ್ರೂ ಗೊತ್ತು ಮಾಡಿ ಹೋಗ್ತಿದ್ದೆ. ಅಪ್ಪ ಕೂಗಿದ್ದು ಪಕ್ಕದಲ್ಲಿದ್ದ ನಂಗೂ ಕೇಳಿಸ್ಲಿಲ್ಲ, ದೂರ ಹೋದ್ರೆ ಅವರು ನೆನಪಾದ್ರೂ ಇರ್ತಾರಾ?” ಎಂದಳು ಅಕ್ಕ. “ಸುಮ್ನೆ ನಿಲ್ಬೇಡ. ಬಂದು ಆ ಕಾಲು ಹಿಡ್ಕೋ.”