ತೊಳೆದ ಕೈಗಾಗಿ ಕಾದ ಪಾನಾ

ನಾನು ಒಂದು ಪೈಪ್ ಪಾನಾ. ಕೊಳವೆಗಳನ್ನು ಕಚ್ಚಿ ಹಿಡಿದು ತಿರುವುವುದು ನನ್ನ ಕಸುಬು. ಬೆಂಕಿಯಲ್ಲಿ ಕೆಂಪಾಗಿ, ಏಟು ತಿಂದು ಹುಟ್ಟಿದವನು. ದವಡೆಗೆ ಹಲ್ಲು ಕೊರೆದ ದಿನವೇ ನನ್ನ ಸ್ವಭಾವವೂ ಗಟ್ಟಿಯಾಯಿತು: ಹಿಡಿದದ್ದನ್ನು ಬಿಡುವವನಲ್ಲ.

ಮೊದಲು ಹುಸೇನಸಾಬನ ಕೈಯಲ್ಲಿದ್ದೆ. ಬೋರಿನ ಪೈಪು ಎತ್ತಿ ಎತ್ತಿ ಅವನ ಸೊಂಟ ಹಿಡಿದುಕೊಂಡಾಗ ನನ್ನನ್ನು ಶಿಷ್ಯ ದೇವಪುತ್ರಪ್ಪನಿಗೆ ಕೊಟ್ಟು, "ಮಳಿಯಾಗ ಬಿಡಬ್ಯಾಡಪಾ ಇದನ್ನ" ಎಂದ. ದೇವಪುತ್ರಪ್ಪ ಗದಗ ಸೀಮೆಯ ಹಳ್ಳಿಯವನು. ಊರಿನ ನಳಗಳೆಲ್ಲ ಅವನೇ ಕೂಡಿಸಿದವು. ನಾನು ಸುಖವಾಗಿದ್ದೆ, ಅವನ ಮದುವೆಯವರೆಗೆ.

ಹೆಂಡತಿ ಸುಗುಣಾಳ ಜೊತೆ ಅವಳ ತವರಿನ ಹಾರ್ಮೋನಿಯಂ ಬಂತು. ಮನೆಯವರು ಅದನ್ನು ಪೇಟಿ ಎನ್ನುತ್ತಿದ್ದರು. ಪೇಟಿಗೆ ಕಸೂತಿಯ ಹೊದಿಕೆ, ನನಗೆ ಬಚ್ಚಲ ಮೂಲೆಯ ಗೋಣಿಚೀಲ. ಅದನ್ನೂ ಸಹಿಸಬಹುದಿತ್ತು. ಆದರೆ ಆ ಪೇಟಿಯಮ್ಮನನ್ನು ಮುಟ್ಟುವ ಮುನ್ನ ದೇವಪುತ್ರಪ್ಪ ಸಾಬೂನು ಹಚ್ಚಿ, ಉಗುರಿನ ಸಂದಿಯ ಗ್ರೀಸು ತಿಕ್ಕಿ, ಕೈ ಒರೆಸಿಕೊಂಡು ಬರುತ್ತಿದ್ದ. ನನ್ನನ್ನು? ಚರಂಡಿಯಲ್ಲಿ ಅದ್ದಿದ ಕೈಯಿಂದ ಹಾಗೇ ಎತ್ತಿಕೊಳ್ಳುತ್ತಿದ್ದ. ಒಮ್ಮೆ, ಒಂದೇ ಒಮ್ಮೆ ಆ ತೊಳೆದ ಕೈ ನನ್ನನ್ನು ಮುಟ್ಟಬಾರದೇ ಎಂದು ಹೊಟ್ಟೆ ಉರಿಯುತ್ತಿತ್ತು.

ಕ್ರಿಸ್‌ಮಸ್ ಹತ್ತಿರವಾದರಂತೂ ಕೇಳಬೇಡಿ. ಸಂಜೆಯ ಹೊತ್ತು ಚರ್ಚಿನ ಹಾಡಿನ ತಂಡ ಕಾಗದದ ನಕ್ಷತ್ರ ಹಿಡಿದು ಮನೆಮನೆಗೆ ಹೊರಡುತ್ತಿತ್ತು. ಪೇಟಿ ಅವನ ಕೊರಳಲ್ಲಿ, ನಾನು ಹಿಂದೆ ಸೈಕಲ್ಲಿನ ಕ್ಯಾರಿಯರಿನಲ್ಲಿ. ನನ್ನನ್ನು ಒಯ್ಯದೆ ಗತಿಯಿರಲಿಲ್ಲ. ಅವನ ಮುಖ ಕಂಡರೆ ಸಾಕು, ಪ್ರತಿ ಮನೆಯವರಿಗೂ ಸೋರುವ ನಳ ನೆನಪಾಗುತ್ತಿತ್ತು.

ಆ ವರ್ಷ ಪ್ರೇಮಲತಾ ಟೀಚರ ಪಡಸಾಲೆಯಲ್ಲಿ ಹಾಡು ಅರ್ಧಕ್ಕೆ ಬಂದಿತ್ತು.

"ದೇವಪುತ್ರಪ್ಪಾ, ಬಚ್ಚಲದಾಗ ನೀರು ಚಿಮ್ಮಾಕತ್ತೈತಿ, ಓಡಿ ಬಾರಪ್ಪಾ!" ಟೀಚರು ಒಳಗಿನಿಂದ ಕೂಗಿದರು.

"ಎರಡರಾಗ ಒಂದು ಮಾಡ್ರಿ," ಸುಗುಣಾ ಸಿಡುಕಿದಳು. "ನಳ, ಇಲ್ಲಾ ನಕ್ಷತ್ರ."

"ನಕ್ಷತ್ರ ಸೋರಂಗಿಲ್ಲಲ್ಲ, ಅದಕ್ಕ ನಳ ಮೊದಲು!"

ಪೇಟಿ ಬಾಯಿ ಮುಚ್ಚಿ ಕೂತಳು. ನಾನು ಗೆದ್ದವನಂತೆ ಒಳನಡೆದೆ. ಮುರಿದ ನಳದ ತುಂಡನ್ನು ಕಚ್ಚಿ ಎಳೆದೆ. ಅವನು ಸಣಬು ಸುತ್ತಿ ಬೇರೆ ನಳ ಕೂಡಿಸಿದ. ನೀರು ನಿಂತಿತು, ನನ್ನ ಕಾಲವೂ ಮುಗಿಯಿತು. ನನ್ನನ್ನು ಪಡಸಾಲೆಯ ನೆಲಕ್ಕೆ ಒಗೆದು ಅವನು ಸಾಬೂನು ಹುಡುಕಿಕೊಂಡು ಹೋದ.

ಪೇಟಿಯ ಮುಂಭಾಗದಲ್ಲಿ ಎಳೆಯುವ ಗುಂಡಿಯೊಂದಿತ್ತು. ಎಳೆದರೆ ಒಂದೇ ಸ್ವರ ಎಡೆಬಿಡದೆ ನಿಲ್ಲುತ್ತದೆ. ಹಾಡುವವರೆಲ್ಲ ಅದನ್ನೇ ನಂಬಿ ನಡೆಯುತ್ತಾರೆ. ಅವನು ಕೈ ತೊಳೆದು ಬಂದು ಕೂತ, ಹಾಡು ಮತ್ತೆ ಶುರುವಾಯಿತು. ನಳದ ಗುಂಗಿನಲ್ಲೇ ಇದ್ದ ಅವನ ಕೈ ಗುಂಡಿಯನ್ನು ತಿರುವಿ ಜಗ್ಗಿತು. ಗುಂಡಿ ಕಿತ್ತು ಕೈಗೇ ಬಂತು.

ಹಾಡು ದಾರಿ ತಪ್ಪಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಅವನ ಒಂದು ಕೈ ಗಾಳಿ ಹಾಕಬೇಕು, ಇನ್ನೊಂದು ನುಡಿಸಬೇಕು. ಸ್ವರ ಒತ್ತಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಅತ್ತಿತ್ತ ನೋಡಿದ. ಕಣ್ಣು ನನ್ನ ಮೇಲೆ ನಿಂತಿತು.

ಆ ತೊಳೆದ ಕೈಯಿಂದಲೇ ನನ್ನನ್ನು ಎತ್ತಿಕೊಂಡ. ಶಾಲಿನ ಅಂಚಿನಿಂದ ಒರೆಸಿ, ಪೇಟಿಯ ಕಟ್ಟಿಗೆಯ ಮೇಲೆ ದವಡೆಯನ್ನೂ ಸ್ವರ ನುಡಿಸುವ ಒಂದು ಬಿಳಿ ಪಟ್ಟಿಯ ಮೇಲೆ ಹಿಡಿಕೆಯ ತುದಿಯನ್ನೂ ಇಟ್ಟ.

"ಅಯ್ಯ, ಪೇಟಿ ಮ್ಯಾಲ ಪಾನಾ ಇಡ್ತೀರೇನ್ರಿ!" ಸುಗುಣಾ ಚೀರಿದಳು.

"ಇದು ಹಿಡದಿದ್ದನ್ನ ಬಿಡಂಗಿಲ್ಲ. ನೀ ಹಾಡು."

ಸ್ವರ ನಿಂತಿತು, ಹಾಡು ಕೂಡಿತು. ನನ್ನ ಗ್ರೀಸು ಹತ್ತಿದ ಬೆರಳಿನಿಂದಲೇ ಅವನು ಅವಳನ್ನು ನುಡಿಸಿದ.

ಈಗ ನನ್ನ ಹಲ್ಲು ಸವೆದಿವೆ. ಚರಂಡಿಗೆ ಹೊಸ ಪಾನಾ ಹೋಗುತ್ತಾನೆ. ಗುಂಡಿಯನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಕಸೂತಿಯ ಹೊದಿಕೆಯಡಿ ಅವಳ ಮಗ್ಗುಲಲ್ಲೇ ಮಲಗಿದ್ದೇನೆ. ಹಬ್ಬ ಬಂದಾಗ ತೊಳೆದ ಕೈ ಮೊದಲು ನನ್ನನ್ನು ಮುಟ್ಟುತ್ತದೆ, ಆಮೇಲೆ ಅವಳನ್ನು.

ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. "ಪೇಟಿ ಎಷ್ಟು ಚಂದ ನುಡೀತೈತಿ" ಎಂದು ಯಾರಾದರೂ ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಆಗ ಇನ್ನಷ್ಟು ಭಾರ ಬಿಟ್ಟು ಕೂರುತ್ತೇನೆ. ಒತ್ತಿದಷ್ಟೂ ಅವಳ ಸ್ವರ ಗಟ್ಟಿಯಾಗಿ ನಿಲ್ಲುತ್ತದೆ.