ಬೋರ್ಡಿಗೆ ಇಟ್ಟ ಕುಂಕುಮ

ಹೊಸ ಮದರ್‌ಬೋರ್ಡಿಗೆ ಕುಂಕುಮ ಇಟ್ಟದ್ದನ್ನು ಸಿದ್ದಲಕ್ಷ್ಮಮ್ಮ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ದೊಡ್ಡ ಸಂಗತಿ ಎಂದು ಅವರಿಗೆ ಆಗ ಅನ್ನಿಸಿರಲೂ ಇಲ್ಲ. ಮನೆಗೆ ಮಿಕ್ಸಿ ಬಂದಾಗ ಇಟ್ಟಿದ್ದರು, ಮಗ ಸಂತೋಷ್ ಬೈಕ್ ತಂದಾಗ ಇಟ್ಟಿದ್ದರು, ಇದಕ್ಕೂ ಇಟ್ಟರು. ಹಿಂದಿನ ಸಂಜೆ ಸೊಸೆ ನಂದಿತಾ ತುಮಕೂರಿನ ಶಿರಾ ಗೇಟಿನಿಂದ ಬೋರ್ಡನ್ನು ಗುಬ್ಬಿಯ ಮನೆಗೆ ತಂದು, ಡಬ್ಬ ಬಿಚ್ಚಿ ಮೇಜಿನ ಮೇಲಿಟ್ಟು, ಫೋನ್ ಬಂತೆಂದು ಆಚೆ ಹೋಗಿದ್ದಳು. ಅಷ್ಟರಲ್ಲಿ ಇವರು ದೇವರ ಮನೆಯಿಂದ ಬಟ್ಟಲು ಹಿಡಿದು ಬಂದು, ಎಲ್ಲಿಡುವುದೆಂದು ನೋಡಿದರು. ಗೆರೆ, ಚುಕ್ಕೆ, ಸಣ್ಣ ಸಣ್ಣ ಗೋಪುರಗಳ ನಡುವೆ ಚೌಕನೆಯ ಕರಿ ಮುಚ್ಚಳವೊಂದು ಗರ್ಭಗುಡಿಯ ಹಾಗೆ ಕಂಡಿತು. ಅದರ ಮೇಲೆ ಒದ್ದೆ ಬೆರಳಿನಿಂದ ಒಂದು ಬೊಟ್ಟು ಇಟ್ಟು, ಕೈ ಮುಗಿದು, ಒಲೆಯ ಮೇಲಿನ ಹಾಲು ನೋಡಲು ಹೋಗಿಬಿಟ್ಟರು.

ಈಗ ಬೆಳಗಿನ ಹನ್ನೊಂದು ಗಂಟೆ. ನಂದಿತಾ ಬೆಳಿಗ್ಗೆ ಎದ್ದವಳೇ ಬೋರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದ್ದಳು. ಕಂಪ್ಯೂಟರಿನ ಫ್ಯಾನುಗಳೆಲ್ಲ ತಿರುಗುತ್ತಿದ್ದವು, ದೀಪಗಳೂ ಉರಿಯುತ್ತಿದ್ದವು. ಪರದೆ ಮಾತ್ರ ಕಪ್ಪಗೇ ಇತ್ತು. ಒಳಗಿಂದ ಏನೋ ಕುಯ್ಗುಟ್ಟಿ ಸುಮ್ಮನಾಗುತ್ತಿತ್ತು. ಒಂದೊಂದು ಸಲ ಕುಯ್ಗುಟ್ಟಿದಾಗಲೂ ಬಾಗಿಲ ಬಳಿ ಅವರೇಕಾಯಿ ಸುಲಿಯುತ್ತ ಕುಳಿತ ಸಿದ್ದಲಕ್ಷ್ಮಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಅದು ತಮ್ಮ ಮೇಲೇ ದೂರು ಹೇಳುತ್ತಿದೆ ಅನ್ನಿಸುತ್ತಿತ್ತು.

ಕೆಲಸ ಸಣ್ಣದಾಗಿರಲಿಲ್ಲ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನವರು ತೆಂಗಿನಕಾಯಿ ಸುಲಿಯುವ ಹೊಸ ಯಂತ್ರ ಮಾಡಿದ್ದರು. ಅದರ ಹೊಟ್ಟೆಯೊಳಗೆ ಕಾಯಿ ಹೇಗೆ ಹೊರಳುತ್ತದೆ, ಹಲ್ಲುಗಳು ಸಿಪ್ಪೆಯನ್ನು ಹೇಗೆ ಕಚ್ಚುತ್ತವೆ ಎಂದು ತೋರಿಸುವ ಎರಡು ನಿಮಿಷದ ಚಿತ್ರವನ್ನು ನಂದಿತಾ ಮಾಡಿಕೊಡಬೇಕಿತ್ತು. ಮನೆಯಲ್ಲೇ ಕುಳಿತು ಮಾಡುವ ಕೆಲಸಕ್ಕೆ ಸಿಕ್ಕ ಮೊದಲ ದೊಡ್ಡ ಗಿರಾಕಿ. ಸೋಮವಾರ ಹತ್ತು ಗಂಟೆಗೆ ಯಂತ್ರ ನೋಡಲು ಅವರಲ್ಲಿಗೆ ಹೊರಗಿನವರು ಬರುತ್ತಾರೆ. ಇವತ್ತು ಶನಿವಾರ. ಆ ಎರಡು ನಿಮಿಷಕ್ಕೆ ಬೇಕಾದ ಸಾವಿರಾರು ಬಿಡಿ ಚಿತ್ರಗಳಲ್ಲಿ ಒಂದೊಂದನ್ನೂ ಕಂಪ್ಯೂಟರು ಲೆಕ್ಕ ಹಾಕಿ ಹಾಕಿ ಬಿಡಿಸಬೇಕು. ಅದರ ಹಳೆಯ ವೇಗದಲ್ಲಿ ಅದೆಲ್ಲ ಮುಗಿಯುವ ಹೊತ್ತಿಗೆ ಸೋಮವಾರದ ಊಟದ ಹೊತ್ತಾಗುತ್ತಿತ್ತು.

"ಪ್ರೊಸೆಸರ್ ಅಂದ್ರೆ ಇದರ ತಲೆ ಅತ್ತೆ," ಎಂದು ಮೊನ್ನೆ ನಂದಿತಾ ವಿವರಿಸಿದ್ದಳು. "ಇಷ್ಟೇ ಓಡು ಅಂತ ಕಂಪನಿಯವರು ಕಟ್ಟಿರ್ತಾರೆ. ನನ್ನ ಹತ್ರ ಇರೋದು ಕಟ್ಟು ಬಿಚ್ಚೋಕೆ ಬರೋ ಥರದ್ದು. ಆದ್ರೆ ಕೆಳಗಿರೋ ಬೋರ್ಡೂ ಅದಕ್ಕೆ ಒಪ್ಬೇಕು. ಈ ಹಳೇದು ಒಪ್ತಿಲ್ಲ."

ಒಪ್ಪದ ಬೋರ್ಡಿನ ಮೇಲೇ ಅವಳು ಅಡ್ಡದಾರಿಯಲ್ಲಿ ವೇಗ ಏರಿಸಲು ಹೋಗಿ, ಕಂಪ್ಯೂಟರು ಎರಡು ಸಲ ಕಾದು ಕೆಂಡವಾಗಿ ತಾನಾಗೇ ಆರಿಹೋಗಿತ್ತು. ಆಮೇಲೆ ಶಿರಾ ಗೇಟಿನ ಅಂಗಡಿಯ ಗಂಗಾಧರನೊಂದಿಗೆ ಒಂದು ಸಂಜೆಯಿಡೀ ಫೋನಿನಲ್ಲಿ ಮಾತು. ಪ್ರೊಸೆಸರ್ ಕೂರುವ ಸಾಕೆಟ್ ಅದೇ ಇರಬೇಕು, ವೇಗ ಏರಿಸಲು ಬಿಡಬೇಕು, ಹಳೆಯ RAM ಹಿಡಿಸಬೇಕು, ಇರುವ ಪೆಟ್ಟಿಗೆಯೊಳಗೆ ಕೂರಬೇಕು.

"ಏನವ್ವ, ಸಾಲಾವಳಿ ನೋಡ್ತಿದೀರಾ?" ಎಂದು ಸಿದ್ದಲಕ್ಷ್ಮಮ್ಮ ಕೇಳಿದ್ದಕ್ಕೆ ಫೋನಿನಿಂದಲೇ ಗಂಗಾಧರ ಕೂಗಿದ್ದ, "ಹೂಂ ಕಣಮ್ಮ, ಹೆಣ್ಣು ಹುಡುಕಿದೀನಿ! ಗುಣ ಎಲ್ಲಾ ಕೂಡ್ತದೆ. ಹಳೇ ಬೋರ್ಡ್ ತಂದ್ಕೊಡಿ, ಇದನ್ನ ತಗೊಂಡೋಗಿ."

ಹಾಗಾಗಿ ಹಳೆಯದನ್ನು ಮತ್ತೆ ಹಾಕಿ ನೋಡೋಣವೆಂದರೆ ಅದು ಮನೆಯಲ್ಲಿರಲಿಲ್ಲ.

ನಂದಿತಾ ಬೆಳಿಗ್ಗೆಯಿಂದ ಮೂರು ಸಲ ಗಂಗಾಧರನಿಗೆ ಫೋನ್ ಮಾಡಿದ್ದಳು. "ಮೂರು ಸಲ ಬೀಪ್ ಬರ್ತಿದೆ" ಎಂದದ್ದಕ್ಕೆ ಅವನು, "ಮೂರು ಅಂದ್ರೆ RAM ಮೇಡಂ, ತೆಗ್ದು ಒರೆಸಿ ಹಾಕಿ" ಎಂದ. ತೆಗೆದು, ಒರೆಸಿ ಹಾಕಿದಳು. ಪರದೆ ಕಪ್ಪಗೇ ಇತ್ತು. ಕೊನೆಗೆ ಅವನು, "ಪ್ರೊಸೆಸರೇ ಹೋಗಿರ್ಬೋದೇನೋ. ಎಲ್ಲಾ ಬಿಚ್ಚಿ ಸೋಮವಾರ ತನ್ನಿ, ನೋಡ್ತೀನಿ" ಎಂದುಬಿಟ್ಟ.

ಅವಳು ಫೋನ್ ಕೆಳಗಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

"ನಾನೇ ಸುಟ್ಟೆ ಅತ್ತೆ. ಆ ಹಳೇ ಬೋರ್ಡ್ ಮೇಲೆ ಹಠ ಹಿಡಿದು ಕಾಯಿಸ್ದೆ. ಅವಾಗ್ಲೇ ಸತ್ತೋಗಿದೆ. ಈಗ ಹಿರೇಹಳ್ಳಿಯವರಿಗೆ ಏನಂತ ಹೇಳ್ಲಿ?"

ಸಿದ್ದಲಕ್ಷ್ಮಮ್ಮನ ಕೈಯಲ್ಲಿದ್ದ ಅವರೇಕಾಯಿ ಹಾಗೇ ನಿಂತಿತು. ಬೆಳಿಗ್ಗೆಯಿಂದ ದೇವರ ಮುಂದೆ ನಿಂತು ತಲೆಯೆತ್ತಲಾಗಿರಲಿಲ್ಲ. ತಾನು ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ತನ್ನ ತಪ್ಪನ್ನು ಈ ಹುಡುಗಿ ತಲೆಯ ಮೇಲೆ ಹೊತ್ತುಕೊಂಡು ಅಳುವುದನ್ನು ನೋಡುತ್ತ ಕೂರುವುದು ಹೇಗೆ?

"ನೀನಲ್ಲ ಕಣವ್ವ," ಎಂದರು. "ನಾನು. ನೆನ್ನೆ ನೀನು ಆಚ್ಗೆ ಹೋದಾಗ ಅದುಕ್ಕೆ ಕುಂಕುಮ ಇಟ್ಬುಟ್ಟೆ. ಒದ್ದೆ ಕೈಯಾಗೆ. ಹೊಸ ವಸ್ತು ಅಂತ."

ನಂದಿತಾ ಕೈ ತೆಗೆದು ನೋಡಿದಳು.

"ಬೋರ್ಡಿಗಾ? ಎಲ್ಲಿಟ್ರಿ ಅತ್ತೆ? ಎಲ್ಲಿ?"

"ನಡುಮಧ್ಯ. ಕರೀ ಮುಚ್ಚಳ ಇತ್ತಲ್ಲ, ಅದ್ರ ಮೇಲೆ."

"ಮುಚ್ಚಳದ ಮೇಲಾ? ಬೇರೆಲ್ಲೂ ಇಟ್ಟಿಲ್ಲ ತಾನೆ?"

"ದೇವ್ರಾಣೆಗೂ ಇಲ್ಲ. ಒಂದೇ ಬೊಟ್ಟು."

ನಂದಿತಾ ಎದ್ದು ಬೋರ್ಡಿನ ಖಾಲಿ ಡಬ್ಬಕ್ಕೆ ಕೈ ಹಾಕಿದಳು. ವೈರು, ಪುಸ್ತಕ, ಪ್ಲಾಸ್ಟಿಕ್ ಚೀಲಗಳ ನಡುವೆ ತಡಕಾಡಿ ಬೆರಳಗಲದ ಚೂರೊಂದನ್ನು ಎತ್ತಿ ಹಿಡಿದಳು. ಅದೇ ಕರಿ ಮುಚ್ಚಳ. ಅದರ ಮೇಲೆ ದುಂಡಗೆ, ಒಂದಿಷ್ಟೂ ಅಳಿಸದೆ ಒಣಗಿದ ಕುಂಕುಮ.

"ಪ್ರೊಸೆಸರ್ ಕೂರಿಸಿ ಚಿಲಕ ಹಾಕಿದ್ರೆ ಇದು ತಾನಾಗೇ ಕಳಚಿ ಬೀಳುತ್ತೆ ಅತ್ತೆ! ಒಳಗಿನ ಪಿನ್ನು ಕಾಯೋಕೆ ಅಂತಲೇ ಇಟ್ಟಿರೋದು. ವಾರಂಟಿಗೆ ಬೇಕು ಅಂತ ನೋಡ್ದೆ ಕೂಡ ಡಬ್ಬಕ್ಕೆ ಹಾಕಿದ್ದೆ." ಅಳುತ್ತಿದ್ದವಳು ನಗತೊಡಗಿದಳು. "ಒಳಗೆ ಒಂದು ಹನಿನೂ ಹೋಗಿಲ್ಲ. ನಿಮ್ಮ ಪೂಜೆ ಎಲ್ಲಾ ಮುಚ್ಚಳಕ್ಕೇ ಸಂದಾಯ."

"ನನ್ನಿಂದ ಅಲ್ವಾ?"

"ಅಲ್ವೇ ಅಲ್ಲ."

ಸಿದ್ದಲಕ್ಷ್ಮಮ್ಮ ಗೋಡೆಗೆ ಒರಗಿ ಉಸಿರು ಬಿಟ್ಟರು. ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಕಲ್ಲುಗುಂಡು ಇಳಿದಂತಾಯಿತು. ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಯಂತ್ರ ಮತ್ತೆ ಕೂಗಿತು. ಇಷ್ಟು ಹೊತ್ತೂ ಹೆದರಿ ಕಿವಿ ಮುಚ್ಚಿಕೊಂಡಂತಿದ್ದ ಅವರು ಮೊದಲ ಬಾರಿಗೆ ಆ ಕೂಗನ್ನು ಕೇಳಿದರು.

ಅವರದು ಕೇಳಿ ಬೆಳೆದ ಕಿವಿ. ಕುಣಿಗಲ್ ಕಡೆಯ ತವರಿನಲ್ಲಿ ಶ್ರಾವಣ ಬಂತೆಂದರೆ ತಂದೆ ದ್ಯಾವಪ್ಪ ಹಜಾರದಲ್ಲಿ ಕುಳಿತು ಷಟ್ಪದಿ ಓದುತ್ತಿದ್ದರು. ಮಕ್ಕಳು ಮಾತ್ರೆ ತಪ್ಪದಂತೆ ಬೆರಳು ಮಡಿಸುತ್ತಿದ್ದರು. ಎಳೆಯಬೇಕಾದ ಅಕ್ಷರವನ್ನು ಮೊಟಕಿದರೆ ತಂದೆ ಅಲ್ಲೇ ನಿಲ್ಲಿಸಿ ದುರುಗುಟ್ಟಿ ನೋಡುತ್ತಿದ್ದರು. ಅರ್ಥವಾಗದ ಪದ್ಯವಾದರೂ ಅದರ ನಡೆ ಮೈಗೆ ಹತ್ತಿತ್ತು.

"ತಡಿ, ಮೂರೂ ಒಂದೇ ಥರ ಕೂಗ್ತಿಲ್ಲ ಅದು," ಎಂದರು.

"ಮೂರು ಅಲ್ವಾ ಅತ್ತೆ?"

"ಮೂರೇ. ಆದ್ರೆ ಮೊದಲ್ನೇದು ಎಳೀತದೆ. ಮಿಕ್ಕ ಎರಡು ಮೊಟಕು. ಗುರು, ಲಘು, ಲಘು. ಕೇಳು." ಮತ್ತೆ ಕೂಗಿದಾಗ ಅವರು ತೊಡೆಯ ಮೇಲೆ ತಟ್ಟಿ ತೋರಿಸಿದರು. ಅಂಗೈ ಒಮ್ಮೆ, ಬೆರಳು ಎರಡು ಸಲ.

ನಂದಿತಾ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಗಂಗಾಧರ್, ನಮ್ಮತ್ತೆ ಹೇಳ್ತಾರೆ ಕೇಳಿ."

"ಗುರು ಲಘು ಲಘು ಕಣಪ್ಪ," ಎಂದರು ಸಿದ್ದಲಕ್ಷ್ಮಮ್ಮ.

ಆ ಕಡೆಯಿಂದ ಗಂಗಾಧರ ಜೋರಾಗಿ ನಕ್ಕ. "ಅಂದ್ರೆ ಭಗಣ! ಅಯ್ಯೋ ಅಮ್ಮ, ಇದು ಗೊತ್ತಿಲ್ದೆ ಮೇಷ್ಟ್ರ ಹತ್ರ ಎಷ್ಟು ಒದೆ ತಿಂದಿದೀನಿ! ಒಂದು ಉದ್ದ, ಎರಡು ಗಿಡ್ಡ ಅಂತೀರಾ? ಸರಿಯಾಗಿ ಕೇಳುದ್ರಾ?"

"ನಿನ್ನ ಬೋರ್ಡು ಮಾತ್ರೆ ತಪ್ತಿಲ್ಲ ಬುಡು, ಚೆನ್ನಾಗೇ ಓದ್ತಾ ಐತೆ."

"ಮೇಡಂ, ಮೂರು ಗಿಡ್ಡ ಬಂದ್ರೆ RAM. ಇದು ಬೇರೆ, ಇದು ಪರದೆಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಕಾರ್ಡು! ಪ್ರೊಸೆಸರ್ ಸತ್ತಿದ್ರೆ ಹಿಂಗೆ ಲೆಕ್ಕ ಇಟ್ಟು ಕೂಗೋಕೆ ಆಗ್ತಿರ್ಲಿಲ್ಲ, ಬೆಳಿಗ್ಗೆನೇ ನಂಗೆ ಹೊಳೀಬೇಕಿತ್ತು. ಅದು ಬದುಕೈತೆ. ಕರೆಂಟ್ ತೆಗೆದು ಕಾರ್ಡನ್ನ ಒತ್ತಿ ಕೂರ್ಸಿ. ಟಕ್ ಅನ್ಬೇಕು."

ನಂದಿತಾ ವೈರು ಕಿತ್ತು, ಬಾಗಿ, ಕಾರ್ಡಿನ ಎರಡು ಅಂಚನ್ನೂ ಹೆಬ್ಬೆರಳಿನಿಂದ ಒತ್ತಿದಳು. ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಟಕ್ ಎಂದಿತು. ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಈ ಸಲ ಒಂದೇ ಒಂದು ಲಘು. ಪರದೆ ಬೆಳಗಿತು.

"ಬಂತು!" ಎಂದು ನಂದಿತಾ ಕಿರುಚಿ ಅತ್ತೆಯ ಎರಡೂ ಭುಜ ಹಿಡಿದುಕೊಂಡಳು. ಮೊರದಲ್ಲಿದ್ದ ಅವರೇಕಾಳು ನೆಲದ ತುಂಬ ಚೆಲ್ಲಿತು. ಇಬ್ಬರಿಗೂ ಅದನ್ನು ಆರಿಸಬೇಕು ಅನ್ನಿಸಲಿಲ್ಲ.

ಆಮೇಲೆ ಅವಳು ಅವಸರ ಮಾಡಲಿಲ್ಲ. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಬಿಸಿ ಎಷ್ಟಿದೆಯೆಂದು ನೋಡಿ, ಮತ್ತೊಂದು ಮೆಟ್ಟಿಲು ಹತ್ತಿದಳು. ನಾಲ್ಕನೆಯದಕ್ಕೆ ಯಂತ್ರ ತಡವರಿಸಿ ಮತ್ತೆ ಮೊದಲಿಂದ ಶುರುವಾಯಿತು. ಮೂರಕ್ಕೇ ಇಳಿಸಿ, "ಇಷ್ಟು ಸಾಕು" ಎಂದಳು. ಪರದೆಯ ಮೇಲೆ ತೆಂಗಿನಕಾಯಿಯೊಂದು ಚೌಕ ಚೌಕವಾಗಿ ಮೂಡತೊಡಗಿತು. ಲೆಕ್ಕ ಹಾಕಿ ನೋಡಿದರೆ ಸೋಮವಾರ ಬೆಳಗಿನ ಕಾಫಿ ಹೊತ್ತಿಗೆಲ್ಲ ಮುಗಿಯುತ್ತಿತ್ತು.

ಮಧ್ಯಾಹ್ನ ಇಬ್ಬರೂ ಮುದ್ದೆ ಮುರಿಯುತ್ತಿದ್ದಾಗ ಮತ್ತೆ ಗಂಗಾಧರನ ಫೋನು. ನಂದಿತಾಳ ಮುಖ ಬಾಡಿತು. "ಏನಾಯ್ತು ಗಂಗಾಧರ್?"

"ನಿಮ್ದೇನಿಲ್ಲ ಮೇಡಂ. ಅಮ್ಮಂಗೆ ಕೊಡಿ."

ಸಿದ್ದಲಕ್ಷ್ಮಮ್ಮ ಎಡಗೈಯಲ್ಲಿ ಫೋನ್ ಹಿಡಿದರು.

"ಅಮ್ಮ, ಇಲ್ಲಿ ಯಾರೋ ಒಂದು ಹಳೇ ಬೋರ್ಡ್ ತಂದವ್ರೆ. ಈ ಟ್ರಾಫಿಕ್ ಗಲಾಟೇಲಿ ನಂಗೇನೂ ತಿಳೀತಿಲ್ಲ. ಫೋನ್ ಹತ್ರ ಹಿಡೀತೀನಿ, ಸ್ವಲ್ಪ ಕೇಳಿ ಹೇಳಿ."

ಅವರು ಕಣ್ಣು ಮುಚ್ಚಿ ಕೇಳಿದರು. ಮುದ್ದೆಯ ಕೈ ತಟ್ಟೆಯ ಅಂಚಿನ ಮೇಲೆ ಮೆಲ್ಲಗೆ ತಾಳ ಹಾಕಿತು.

"ಇದ್ರಲ್ಲಿ ಲಘುನೇ ಇಲ್ಲ ಕಣಪ್ಪ," ಎಂದರು. "ಬರೀ ಗುರು. ಎಳ್ದಿದ್ದೇ ಎಳೀತದೆ."

"ಹಂಗಾರೆ ಇದು RAM! ಈ ಹಳೇ ಕಂಪನಿ ಬೋರ್ಡು RAM ಕೆಟ್ರೆ ಎಳೆದೇ ಕೂಗೋದು!" ಎಂದು ಗಂಗಾಧರ ಕೂಗಿದ್ದು ಅಡಿಗೆಮನೆಯವರೆಗೂ ಕೇಳಿಸಿತು.