ಅನ್ನವಿಲ್ಲದ ಊರು

ಧನುಷನ ತುಟಿಯ ಹತ್ತಿರ ಬಂದಿದ್ದ ಅಕ್ಕಿಕಾಳಿಗೆ ಜಲಜಾ ತಟ್ಟನೆ ಕೈ ಅಡ್ಡ ಹಿಡಿದಳು.

"ಬೇಡ ಅತ್ತಿಗೆ. ಅವನಿಗೆ ಆಗಲ್ಲ."

ಕಿದ್ವಾಯಿ ನಗರದ ಆ ಕ್ವಾರ್ಟರ್ಸಿನ ಹಾಲಿನಲ್ಲಿ ಕೂತಿದ್ದವರು ಮುಖ ಮುಖ ನೋಡಿಕೊಂಡರು. ಬೆಳಗಿನ ಜಾವ ನಿದ್ದೆಯಲ್ಲೇ ಫಿಟ್ಸ್ ಬಂದು ಮಗ ಮತ್ತೆ ಕಣ್ಣು ಬಿಟ್ಟಿರಲಿಲ್ಲ. ಬಾಯಿಗೆ ಅಕ್ಕಿ ಹಾಕದೆ ಕಳಿಸುವ ಪದ್ಧತಿಯಿಲ್ಲ. ಈ ಮನೆಯಲ್ಲಿ ಅಕ್ಕಿಯೇ ಇರುವುದಿಲ್ಲವೆಂದು ಗಂಡನ ಅಕ್ಕ ಕಮಲಾಕ್ಷಿ ಫರೀದಾಬಾದಿನಿಂದಲೇ ಕಟ್ಟಿಕೊಂಡು ಬಂದಿದ್ದಳು.

"ಇದ್ದಾಗಂತೂ ತುತ್ತು ಅನ್ನ ಕಾಣಿಸಲಿಲ್ಲ. ಈಗಾದ್ರೂ ಬಿಡೇ ಮಾರಾಯ್ತಿ."

"ಅಕ್ಕಾ, ಸಾಕು," ಎಂದರು ಗಂಡ ದತ್ತಾತ್ರೇಯ, ಗೋಡೆ ನೋಡುತ್ತ.

ಜಲಜಾಳ ಕೈ ಮಾತ್ರ ಕೆಳಗಿಳಿಯಲಿಲ್ಲ.

*

ಯಾವ ಮಾತ್ರೆಗೂ ಬಗ್ಗದ ಫಿಟ್ಸ್ ಅದು. ಧನುಷ ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ಡಾಕ್ಟರು ಊಟವನ್ನೇ ಮದ್ದು ಮಾಡಿದರು. ಬೆಣ್ಣೆ, ಎಣ್ಣೆ, ಕೆನೆ ತೂಗಿ ಕೊಡಬೇಕು. ಅನ್ನ, ರೊಟ್ಟಿ, ಸಕ್ಕರೆ ಮುಟ್ಟಿಸಬಾರದು. ತಿಂಗಳೊಪ್ಪತ್ತಿನಲ್ಲಿ ಫಿಟ್ಸ್ ಅಪರೂಪವಾಯಿತು. ಪಥ್ಯ ಬಿಡಿಸಲು ನೋಡಿದಾಗಲೆಲ್ಲ ಮರಳಿ ಬಂತು. ಜಲಜಾ ಮನೆಯಿಂದ ಅಕ್ಕಿಯನ್ನೇ ಓಡಿಸಿದಳು. ಕತೆಗಳಿಂದಲೂ.

"ರಾಜಕುಮಾರಿ ಮದುವೇಲಿ ಊಟಕ್ಕೆ ಏನೇನಿತ್ತಮ್ಮ?"

"ಬೆಣ್ಣೆ ಬೆಟ್ಟ. ಕೊಬ್ಬರಿ ಚಪ್ಪರ. ತುಪ್ಪದ ಕೊಳ."

"ಅನ್ನ?"

"ಆ ಊರಲ್ಲಿ ಅನ್ನ ಅಂದ್ರೇನು ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ."

"ಬೇಚಾರೇ ಲೋಗ್, ಪಾಪ ಆ ಜನ," ಎಂದಿದ್ದ ಹುಡುಗ.

*

"ಆಂಟಿ," ಎಂದ ಪವನ್. ಓಖ್ಲಾದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಧನುಷನ ಪಕ್ಕದ ಸೀಟಿನವನು. "ನನ್ನ ಲಂಚ್ ಡಬ್ಬಿ ರೋಜ್ ಅವನೇ ತೆಗೀತಿದ್ದ. ತಿಂತಿರ್ಲಿಲ್ಲ, ಕಸಮ್ ಸೇ, ಆಣೆಗೂ. ಅನ್ನದ ವಾಸನೆ ಎಳ್ಕೊಂಡು ವಾಪಸ್ ಕೊಡ್ತಿದ್ದ. ಕುತ್ತೇ ಕೀ ನಾಕ್, ನಾಯಿಮೂಗು ಅಂತ ರೇಗಿಸ್ತಿದ್ವಿ. ಅಮ್ಮಂಗೆ ಹೇಳ್ಬೇಡ್ರೋ, ಬೇಜಾರ್ ಮಾಡ್ಕೋತಾಳೆ ಅಂತಿದ್ದ."

ಜಲಜಾ ಅತ್ತಿಗೆಯ ಕೈಯಿಂದ ಅಕ್ಕಿಯ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಗ್ಯಾಸ್ ಹೊತ್ತಿದ ಸದ್ದು ಕೇಳಿತು.

"ಅಯ್ಯೋ, ಹೆಣ ಒಳಗಿದೆ! ಒಲೆ ಹಚ್ತಾಳಲ್ಲೋ ದತ್ತೂ!"

"ಹಚ್ಚಲಿ ಬಿಡು."

ಕೆಳಗೆ ಹೆಣದ ಗಾಡಿಯವನು ಹಾರ್ನ್ ಹೊಡೆದ. "ಭಯ್ಯಾ, ರುಕೋ," ಎಂದು ದತ್ತಾತ್ರೇಯರೇ ಕಿಟಕಿಯಿಂದ ಕೂಗಿ ಅವನನ್ನು ತಡೆದರು.

ಅನ್ನ ಕುದಿಯುವ ಘಮ ಮೆಲ್ಲಗೆ ಹಾಲಿಗೆ ಬಂತು.

ಜಲಜಾ ಬಟ್ಟಲು ಹಿಡಿದು ಬಂದು ಮಗನ ತಲೆಯ ಬಳಿ ಕೂತಳು. ಬೆರಳ ತುದಿಯಲ್ಲಿ ಪುಟ್ಟ ತುತ್ತು ಮಾಡಿದಳು. ಹಬೆ ಏಳುತ್ತಿತ್ತು. ತುಟಿಯವರೆಗೆ ಒಯ್ದವಳು ತಡೆದು, ತುತ್ತನ್ನು ತನ್ನ ಬಾಯಿಯ ಹತ್ತಿರ ತಂದುಕೊಂಡು, ಉಫ್ ಉಫ್ ಎಂದು ಊದಿ ಆರಿಸತೊಡಗಿದಳು.